ಅಪ್ಪಯ್ಯಂಗೆ ಟಿಬಿ ಅಂದಿದ್ರು, ಈಗ ಮೀಸೋಥೀಲಿಯೋಮಾ ಅಂತಿದಾರೆ. ಗೊತ್ತಿದ್ದೋರು ಹೇಳಿ

ಹೊಸನಗರ ಹುಡುಗ | ಸೋಮವಾರ ರಾತ್ರಿ 9:12

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಅಡಿಕೆ ರೇಟು, ಕೊಳೆರೋಗ ಬಿಟ್ರೆ ಬೇರೆ ಎಂತದೂ ಕೇಳಿದವನಲ್ಲ ನಾನು. ಇವತ್ತು ಬೇರೆ ವಿಷಯ, ಉದ್ದ ಆಗತ್ತೆ, ಸುಧಾರಿಸ್ಕೊಳಿ.

ಅಪ್ಪಯ್ಯಂಗೆ 71. ಹೋದ ದೀಪಾವಳಿ ಹೊತ್ತಿಗೆ ತೋಟದಿಂದ ದರೆ ಹತ್ತಿ ಮನೆಗೆ ಬರೋವಾಗ ಮೂರು ಕಡೆ ಕೂರೋಕೆ ಶುರು ಮಾಡಿದ್ರು. ವಯಸ್ಸಾಯ್ತಲ್ಲ ಅಂತ ನಾವೂ ಸುಮ್ನಿದ್ವಿ. ಆಮೇಲೆ ಬಲಗಡೆ ಪಕ್ಕೆ ನೋವು. ಎಕ್ಸ್‌ರೇ ತೆಗೆಸಿದ್ರೆ ಎದೆ ತುಂಬ ನೀರು. ಒಂದೂವರೆ ಲೀಟರ್ ತೆಗೆದ್ರು. ನೀರಿನ ಎಂತದೋ ಒಂದು ಟೆಸ್ಟು ಬಾರ್ಡರಲ್ಲಿದೆ ಅಂತ ಹೇಳಿ ಟಿಬಿ ಮಾತ್ರೆ ಕೊಟ್ರು, ಆರು ತಿಂಗಳು ಒಂದು ದಿನ ತಪ್ಪಿಸದೆ ನುಂಗಿದಾರೆ ಮನುಷ್ಯ. ಅಷ್ಟರಲ್ಲಿ ಎರಡು ಸಲ ಮತ್ತೆ ನೀರು ತುಂಬ್ತು, 9 ಕೆಜಿ ಇಳಿದ್ರು. ಕೊನೆಗೆ ಬೆಂಗಳೂರಿಗೆ ಕರ್ಕೊಂಡು ಹೋಗಿ ಕ್ಯಾಮೆರಾ ಹಾಕಿ ಪೊರೆ ಚೂರು ತೆಗೆಸಿದ್ವಿ. ರಿಪೋರ್ಟಲ್ಲಿ ಪ್ಲೂರಲ್ ಮೀಸೋಥೀಲಿಯೋಮಾ, ಎಪಿಥೀಲಿಯಾಯ್ಡ್ ಅಂತಿದೆ, ಒಂಥರಾ ಕ್ಯಾನ್ಸರಂತೆ.

ಅಲ್ಲಿನ ಡಾಕ್ಟ್ರು ಮೊದಲು ಕೇಳಿದ್ದೇ 'ಅಜ್ಜಾ, ಹುಡುಗನಾಗಿದ್ದಾಗ ಎಂತ ಕೆಲಸ ಮಾಡ್ತಿದ್ರಿ' ಅಂತ. ಅಪ್ಪಯ್ಯ 1974ರಿಂದ 85ರ ತನಕ ಮುಂಬೈ ಕಡೆ ಒಂದು ಫ್ಯಾಕ್ಟರಿಲಿ ಸ್ಟೀಮ್ ಪೈಪಿಗೆ ಹೊದಿಕೆ ಸುತ್ತೋ ಕೆಲಸದಲ್ಲಿದ್ರು. ಬಿಳಿ ಹಗ್ಗ ಸುತ್ತಿ, ಬಿಳಿ ಹುಡಿ ನೀರಲ್ಲಿ ಕಲಸಿ ಮೆತ್ತೋದು. ಅಜ್ಜ ತೀರಿಕೊಂಡ ಮೇಲೆ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ನಮಗೆ ಅದೆಲ್ಲ ಮಳೆಗಾಲದಲ್ಲಿ ಒಲೆ ಮುಂದೆ ಕೂತು ಕೇಳಿದ ಕಥೆ ಅಷ್ಟೇ. ಇಲ್ಲಿ ಯಾರೂ ಅದನ್ನ ಕೇಳಲಿಲ್ಲ, ನಮಗೂ ಹೇಳಬೇಕು ಅಂತ ಹೊಳೀಲಿಲ್ಲ.

ಬೀಡಿ ಮುಟ್ಟಿದವರಲ್ಲ, ಎಲೆಅಡಿಕೆ ಮಾತ್ರ. ಇದು ವಾಸಿ ಆಗತ್ತಾ? ಆಪರೇಷನ್ ಮಾಡಬಹುದಾ? ಕೀಮೋ ಅಂತಿದಾರೆ, 71 ವರ್ಷಕ್ಕೆ ತಡೆಯತ್ತಾ? ಇನ್ನೊಂದು, ನಮ್ಮ ಕೊಟ್ಟಿಗೆಗೆ 1998ರಲ್ಲಿ ಹಾಕಿಸಿದ ಸಿಮೆಂಟ್ ಶೀಟೇ ಇರೋದು. ಅದರಿಂದಲೂ ಬರತ್ತೆ ಅಂತ ಯಾರೋ ಅಂದ್ರು, ಅವತ್ತಿಂದ ಅಮ್ಮ ಕೊಟ್ಟಿಗೆಗೆ ಹೋಗೋಕೂ ಹೆದರ್ತಿದಾರೆ.

ಸಾಗರ ಸುಬ್ಬಿ | 9:20

ಅಯ್ಯೋ ದೇವ್ರೇ. ಧೈರ್ಯ ತಗೊಳಿ ತಮ್ಮಾ.

ಗಾಜನೂರು ಗೌಡ | 9:31

ಹೆಸರೇ ಮೊದಲ ಸಲ ಕೇಳಿದ್ದು ಮಾರಾಯ್ರೆ. ಶ್ವಾಸಕೋಶದ ಕ್ಯಾನ್ಸರ್ ಅಂದ್ರೆ ಆಯ್ತಲ್ಲ, ಅದಕ್ಕೆಂತಕ್ಕೆ ಇಷ್ಟುದ್ದ ಹೆಸರು? ಬೀಡಿ ಸೇದದೆ ಬರೋದಾದ್ರೂ ಹೆಂಗೆ?

ವಾರ್ಡ್ ಅಕ್ಕ | 9:58

ಗೌಡ್ರೆ, ಅದು ಶ್ವಾಸಕೋಶದ ಕ್ಯಾನ್ಸರ್ ಅಲ್ಲ. ನಾನು ಕ್ಯಾನ್ಸರ್ ವಾರ್ಡಲ್ಲಿ ನರ್ಸ್ ಆಗಿದ್ದವಳು, ಡಾಕ್ಟ್ರಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಕಿತ್ತಳೆ ತೊಳೆಗೆ ಮೇಲೊಂದು ತೆಳು ಪೊರೆ ಇರತ್ತಲ್ಲ, ಹಂಗೆ ಶ್ವಾಸಕೋಶದ ಮೇಲೂ ಒಂದು ಪೊರೆ, ಎದೆಗೂಡಿನ ಒಳಗಡೆಗೂ ಒಂದು ಪೊರೆ. ಈ ಗಡ್ಡೆ ಹುಟ್ಟೋದು ಆ ಪೊರೇಲಿ. ಒಂದು ಉಂಡೆ ಥರ ಬೆಳೆಯಲ್ಲ, ಗೋಡೆ ಮೇಲೆ ಪಾಚಿ ಹಬ್ಬಿದಂಗೆ ಹಬ್ಬತ್ತೆ, ಅದಕ್ಕೇ ಕತ್ತರಿಸಿ ತೆಗೆಯೋದು ಕಷ್ಟ. ಹೊಟ್ಟೆ ಪೊರೇಲೂ ಬರತ್ತೆ, ಹೃದಯದ ಪೊರೇಲೂ ಅಪರೂಪಕ್ಕೆ. ಎದೆದೇ ಜಾಸ್ತಿ, ಹತ್ತರಲ್ಲಿ ಎಂಟು ಅಂದ್ಕೊಳಿ.

ಬೀಡಿಗೂ ಇದಕ್ಕೂ ಸಂಬಂಧ ಇಲ್ಲ. ಇದಕ್ಕೆ ಮುಖ್ಯ ಕಾರಣ ಆಸ್ಬೆಸ್ಟಾಸ್ ಅನ್ನೋ ಕಲ್ಲಿನ ನಾರು, ಅಪ್ಪಯ್ಯ ಸುತ್ತಿದ ಬಿಳಿ ಹಗ್ಗ, ಹುಡಿ ಅದೇ ಇರಬೇಕು. ಅದರ ಎಳೆ ಕೂದಲಿಗಿಂತ ಎಷ್ಟೋ ಸಣ್ಣದು, ಉಸಿರಲ್ಲಿ ಒಳಗೆ ಹೋದ್ರೆ ಕರಗಲ್ಲ, ಅಲ್ಲೇ ಚುಚ್ಕೊಂಡು ಕೂರತ್ತೆ. 20ರಿಂದ 50 ವರ್ಷ ಬಿಟ್ಟು ಕಾಯಿಲೆ ತೋರಿಸತ್ತೆ. ನಿಮ್ಮ ಅಪ್ಪಯ್ಯನ ಲೆಕ್ಕ ಸರಿಯಾಗಿ ಅದರೊಳಗೇ ಬರತ್ತೆ ನೋಡಿ. ಆದ್ರೆ ಆಸ್ಬೆಸ್ಟಾಸ್ ಕೆಲಸ ಮಾಡಿದವರು ಬೀಡಿನೂ ಸೇದಿದ್ರೆ, ಶ್ವಾಸಕೋಶದ ಮಾಮೂಲಿ ಕ್ಯಾನ್ಸರ್ ಬರೋ ಅಪಾಯ ತುಂಬ ಏರತ್ತೆ. ಅದೇ ಬೇರೆ, ಇದೇ ಬೇರೆ.

ರಿಟೈರ್ಡ್ ಫಿಟ್ಟರ್ | 10:15

ಓದಿ ಮೈ ಜುಮ್ ಅಂತು. ನಾನೂ ಉತ್ತರ ಭಾರತದ ಕಡೆ ಪವರ್ ಪ್ಲಾಂಟಲ್ಲಿ ಇದ್ದವನು. ಆ ಹಗ್ಗ, ಗ್ಯಾಸ್ಕೆಟ್ ಶೀಟು, ಬಿಸಿ ಹಿಡಿಯೋ ಗ್ಲೌಸು ಎಲ್ಲ ಅದೇ. ಹಳೇ ಲ್ಯಾಗಿಂಗ್, ಅಂದ್ರೆ ಪೈಪ್ ಹೊದಿಕೆ, ಒಡೆಯೋವಾಗ ಬಿಸಿಲ ಕೋಲಲ್ಲಿ ಮಿಣಮಿಣ ಅಂತ ಹಾರೋದು, ಚೆಂದ ಕಾಣ್ಸೋದು ಬೇರೆ. ಮೂಗಿಗೆ ಟವೆಲ್ ಕಟ್ಕೊಳ್ತಿದ್ವಿ, ಅದೇ ಟವೆಲಲ್ಲಿ ಬೆವರು ಒರೆಸ್ಕೊಳ್ತಿದ್ವಿ. ಚಳಿಗಾಲ ನೈಟ್ ಶಿಫ್ಟಲ್ಲಿ ಆಸ್ಬೆಸ್ಟಾಸ್ ಬಟ್ಟೆ ಹೊದ್ದು ಮಲಗಿದ್ದೂ ಇದೆ. ಸೂಪರ್‌ವೈಸರ್ ಬೈದಿದ್ದು ಮಲಗಿದ್ದಕ್ಕೆ, ಬಟ್ಟೆಗಲ್ಲ.

ನಂಗೀಗ 68. ಎಂತ ಮಾಡ್ಲಿ ಈಗ, ಸ್ಕ್ಯಾನ್ ಮಾಡಿಸ್ಲಾ?

ವಾರ್ಡ್ ಅಕ್ಕ | 10:24

ಹೆದರಬೇಡಿ ಸರ್, ಆ ಕೆಲಸ ಮಾಡಿದ ಎಲ್ರಿಗೂ ಬರಲ್ಲ. ತೊಂದರೆ ಇಲ್ಲದವರಲ್ಲಿ ಮೊದಲೇ ಹಿಡಿಯೋಕೆ ಭರವಸೆ ಇಡೋಂಥ ಟೆಸ್ಟು ಇಲ್ಲ, ಸುಮ್ನೆ ವರ್ಷ ವರ್ಷ ಸಿಟಿ ಸ್ಕ್ಯಾನ್ ತೆಗೆಸ್ಕೊಂಡು ಕೂರಬೇಡಿ. ಒಂದ್ಸಲ ಎದೆ ಡಾಕ್ಟ್ರ ಹತ್ರ ಹೋಗಿ ಯಾವ ವರ್ಷದಿಂದ ಯಾವ ವರ್ಷ, ಎಂತ ಕೆಲಸ ಅಂತ ಚೀಟಿಲಿ ಬರೆಸಿಡಿ. ಮುಂದೆ ದಮ್ಮು, ಪಕ್ಕೆನೋವು ಬಂದ್ರೆ ಯಾವ ಆಸ್ಪತ್ರೆಗೆ ಹೋದ್ರೂ ಆ ಚೀಟಿ ಮೊದಲು ತೋರಿಸಿ. ಬೀಡಿ ಇದ್ರೆ ಇವತ್ತೇ ಬಿಡಿ.

ರಿಟೈರ್ಡ್ ಫಿಟ್ಟರ್ | 10:26

ಸಿಗರೇಟು. ಆಯ್ತಮ್ಮಾ.

ಶೀಟ್ ಅಂಗಡಿ ಶಿವಣ್ಣ | 10:40

ಸುಮ್ನೆ ಜನರನ್ನ ಹೆದರಿಸಬೇಡಿ. ನೀಲಿ ಆಸ್ಬೆಸ್ಟಾಸ್ ಡೇಂಜರ್, ಒಪ್ತೀನಿ. ನಮ್ಮಲ್ಲಿ ಶೀಟಿಗೆ ಹಾಕೋದು ಬಿಳೀದು, ಅದು ಸಿಮೆಂಟಲ್ಲಿ ಗಟ್ಟಿಯಾಗಿ ಕೂತಿರತ್ತೆ. ಮಲೆನಾಡಲ್ಲಿ ಅರ್ಧ ಊರು ಅದರ ಕೆಳಗೆ ಮಲಗತ್ತೆ, ಎಲ್ರಿಗೂ ಕ್ಯಾನ್ಸರ್ ಬಂದಿದ್ಯಾ? ಕಂಪ್ನಿಗಳಿಗೆ ಸರ್ಕಾರವೇ ಲೈಸೆನ್ಸ್ ಕೊಟ್ಟಿದೆ.

ತುಂಗಾ ತೀರ | 11:05

ಶಿವಣ್ಣಾರೆ ಅರ್ಧ ಸರಿ ಅರ್ಧ ತಪ್ಪು. ನೀಲಿ, ಕಂದು ಜಾತಿ ಪೊರೆ ಕ್ಯಾನ್ಸರಿಗೆ ಹೆಚ್ಚು ಕೆಟ್ಟದ್ದು ಹೌದು. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಿಳೀದನ್ನೂ ಸೇರಿಸಿ ಎಲ್ಲಾ ಜಾತಿ ಆಸ್ಬೆಸ್ಟಾಸನ್ನೂ ಕ್ಯಾನ್ಸರ್ ತರೋದು ಖಚಿತ ಅನ್ನೋ ಮೊದಲ ಗುಂಪಲ್ಲೇ ಇಟ್ಟಿದೆ. ಬ್ರಿಟನ್ನು 1999ರಲ್ಲಿ ಬಿಳೀದನ್ನೂ ಬ್ಯಾನ್ ಮಾಡ್ತು, ಯುರೋಪ್ ಒಕ್ಕೂಟ ಪೂರ್ತಿ 2005ಕ್ಕೆ, ಗಣಿ ಮಾಡಿ ಪ್ರಪಂಚಕ್ಕೆಲ್ಲ ಮಾರಿದ ಕೆನಡಾ 2018ಕ್ಕೆ, ಅಮೆರಿಕ 2024ರ ಮಾರ್ಚಲ್ಲಿ. ನಮ್ಮಲ್ಲಿ ಹೊಸ ಗಣಿಗೆ ಅನುಮತಿ ಇಲ್ಲ, ಆದ್ರೆ ರಷ್ಯಾ, ಬ್ರೆಜಿಲ್ ಕಡೆಯಿಂದ ತರಿಸಿ ಶೀಟ್ ಮಾಡ್ತಾನೇ ಇದಾರೆ. ತಮಾಷೆ ನೋಡಿ, ಬ್ರೆಜಿಲ್ಲು 2017ರಲ್ಲಿ ತನ್ನ ಜನ ಬಳಸಬಾರದು ಅಂದಿದೆ, ನಮಗೆ ಮಾರಬಹುದಂತೆ.

ಈ ಕಾಯಿಲೆಗೂ ಆಸ್ಬೆಸ್ಟಾಸಿಗೂ ನಂಟು ಗಟ್ಟಿಯಾಗಿದ್ದು 1960ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. ವ್ಯಾಗ್ನರ್ ಅನ್ನೋ ಡಾಕ್ಟರ್ ಮತ್ತವರ ಜೊತೆಯವರು 33 ಜನರ ಕೇಸು ಬರೆದ್ರು. ಅದರಲ್ಲಿ ಗಣಿ ಕೆಲಸದವರು ಮಾತ್ರ ಅಲ್ಲ, ಗಣಿ ಪಕ್ಕದ ಊರಲ್ಲಿ ಆಡಿ ಬೆಳೆದವರೂ ಇದ್ರು. ಅವರಲ್ಲೂ ಕೆಲವರಿಗೆ ಮೊದಲು ಟಿಬಿ ಅಂತಲೇ ಔಷಧಿ ಆಗಿತ್ತು. ಟರ್ಕಿಲಿ ಕೆಲವು ಹಳ್ಳಿಗಳಲ್ಲಿ ಆಸ್ಬೆಸ್ಟಾಸ್ ಅಲ್ಲದ ಎರಿಯೊನೈಟ್ ಅನ್ನೋ ಕಲ್ಲಿಂದಲೂ ಇದೇ ಕಾಯಿಲೆ ಬಂದಿದೆ, ಮನೆ ಕಟ್ಟಿದ್ದೇ ಆ ಕಲ್ಲಲ್ಲಿ.

ಹೊಸನಗರದವರ ಕೊಟ್ಟಿಗೆ ವಿಷಯಕ್ಕೆ ಬಂದ್ರೆ, ಒಡೆಯದೆ ಮೇಲೆ ಕೂತಿರೋ ಶೀಟಿಂದ ಅಪಾಯ ಕಡಿಮೆ. ಕಟ್ಟರ್ ಹಾಕಿ ಕೊಯ್ಯೋದು, ಡ್ರಿಲ್ ಹೊಡೆಯೋದು, ಪಾಚಿ ಕೀಳೋಕೆ ತಂತಿ ಬ್ರಷಲ್ಲಿ ಉಜ್ಜೋದು, ಒಡೆದ ಚೂರನ್ನ ಗಾಡಿ ದಾರಿ ಗುಂಡಿಗೆ ತುಂಬೋದು, ಇದು ಕೆಟ್ಟದ್ದು. ಮೇಲೆ ಟ್ರ್ಯಾಕ್ಟರ್ ಓಡಿ ಓಡಿ ಹುಡಿ ಆಗತ್ತೆ. ಅಮ್ಮಂಗೆ ಹಾಲು ಕರೆಯೋಕೆ ಹೋಗೋಕೆ ಹೇಳಿ.

ಮುಳುಗಡೆ ಮನೆ | 11:12

ನಮ್ಮ ಮನೆ ದಾರಿ ಗುಂಡಿಗೆ ತುಂಬಿರೋದೇ ಅದು. ಥೂ.

ಶೀಟ್ ಅಂಗಡಿ ಶಿವಣ್ಣ | 11:15

ಕಟ್ಟರ್ ಧೂಳು ಕೆಟ್ಟದ್ದು ಅಂತ ನಾನೂ ಹುಡುಗರಿಗೆ ಹೇಳ್ತೀನಿ, ನೀರು ಹಾಕ್ಕೊಂಡು ಕೈ ಗರಗಸದಲ್ಲಿ ಕೊಯ್ಯಿರಿ ಅಂತ. ಯಾರು ಕೇಳ್ತಾರೆ. ಆಸ್ಬೆಸ್ಟಾಸ್ ಇಲ್ಲದ ಸಿಮೆಂಟ್ ಶೀಟೂ ಬರತ್ತೆ, ರೇಟು ಕೇಳಿ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ.

ಆಗುಂಬೆ ಅಚ್ಯುತ | 11:22

ಸೋಗೆ ಮಾಡಿಗೆ ಎಂತ ತೊಂದ್ರೆ ಇತ್ತು ಹೇಳಿ? ತಂಪು, ಸದ್ದಿಲ್ಲ.

ಗಾಜನೂರು ಗೌಡ | 11:25

ವರ್ಷಾ ವರ್ಷ ಹೊದಿಸೋಕೆ ನೀವು ಬರ್ತೀರಾ ಅಚ್ಯುತಣ್ಣ? ಹೆಂಚು ಹಾಕಿದ್ರೆ ಮಂಗ ಬಿಡಲ್ಲ, ನಮ್ಮಲ್ಲಿ ಹೋದ ವರ್ಷ ಮುನ್ನೂರು ಹೆಂಚು ಒಡೆದಿದಾವೆ. ಶೀಟ್ ಬಂದಿದ್ದೇ ಮಂಗನ ಕಾಟಕ್ಕೆ.

ಸಾಗರ ಸುಬ್ಬಿ | ಮಂಗಳವಾರ ಬೆಳಗ್ಗೆ 6:50

ಮಂಗನ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ ಮಾರಾಯ್ರೆ, ಪಾಪ ಆ ಹುಡುಗ ಕೇಳಿದ್ದೆಂತ ನೀವು ಮಾತಾಡೋದೆಂತ.

ಲ್ಯಾಬ್ ಮಾಣಿ | 7:30

ಟಿಬಿ ಮಾತ್ರೆ ಕೊಟ್ಟ ಡಾಕ್ಟ್ರನ್ನ ಪೂರ್ತಿ ಬೈಯೋ ಹಂಗಿಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಿ ಒಂದೇ ಕಡೆ ಎದೆ ನೀರು, ಅದರಲ್ಲಿ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಜಾಸ್ತಿ, ಎಡಿಎ ಅನ್ನೋ ನೀರಿನ ಟೆಸ್ಟು ಚೂರು ಏರಿದೆ ಅಂದ್ರೆ ಟಿಬಿನೇ ಮೊದಲು ಯೋಚನೆ ಬರೋದು, ಬಹಳ ಸಲ ಅದೇ ಸರಿಯಾಗಿರತ್ತೆ. ಮೀಸೋಥೀಲಿಯೋಮಾ ಬರೀ ನೀರು ನೋಡಿ ಹಿಡಿಯೋದು ಕಷ್ಟ, ನೀರಲ್ಲಿ ಕ್ಯಾನ್ಸರ್ ಕಣ ಸಿಗದೇ ಇರೋದೇ ಜಾಸ್ತಿ. ಪೊರೆ ಚೂರೇ ಬೇಕು, ಅದಕ್ಕೆ ಕ್ಯಾಲ್‌ರೆಟಿನಿನ್, ಡಬ್ಲ್ಯೂಟಿ-1 ಅಂತ ಬಣ್ಣ ಹಾಕಿ ನೋಡ್ಬೇಕು, ಅದಿಲ್ಲದೆ ಶ್ವಾಸಕೋಶದ ಕ್ಯಾನ್ಸರಿಂದ ಬೇರೆ ಮಾಡೋಕಾಗಲ್ಲ.

ಆದ್ರೆ ಒಂದು ಮಾತು. ಎರಡು ತಿಂಗಳು ಮಾತ್ರೆ ತಗೊಂಡು ಮತ್ತೆ ನೀರು ತುಂಬಿದಾಗ, ತೂಕ ಇಳೀತಿದ್ದಾಗ, 'ಇದು ಟಿಬಿ ಹೌದಾ' ಅಂತ ಮತ್ತೆ ಕೇಳ್ಕೋಬೇಕಿತ್ತು. ಅಲ್ಲಿ ನಾಲ್ಕು ತಿಂಗಳು ಹೋಯ್ತು.

ಹೊಸನಗರ ಹುಡುಗ | 8:05

ಹೌದು ಸರ್. ಬೈಯೋಕೂ ಶಕ್ತಿ ಇಲ್ಲ ಈಗ. ಕ್ಯಾಲ್‌ರೆಟಿನಿನ್ ಪಾಸಿಟಿವ್ ಅಂತಿದೆ ರಿಪೋರ್ಟಲ್ಲಿ. ಟ್ರೀಟ್ಮೆಂಟ್ ಬಗ್ಗೆ ಯಾರಾದ್ರೂ ಹೇಳಿ.

ವಾರ್ಡ್ ಅಕ್ಕ | 1:40 ಮಧ್ಯಾಹ್ನ

ಊಟ ಮುಗಿಸಿ ಕೂತಿದೀನಿ, ಪೂರ್ತಿ ಬರೀತೀನಿ. ಕಹಿ ಮಾತು ಮೊದಲು. ಪೂರ್ತಿ ವಾಸಿ ಆಗೋದು ತುಂಬ ಅಪರೂಪ. ಔಷಧಿ ಕೊಡೋದು ಕಾಯಿಲೆ ಓಟ ನಿಧಾನ ಮಾಡೋಕೆ, ಉಸಿರಾಟ ಹಗುರ ಮಾಡೋಕೆ. ಎಪಿಥೀಲಿಯಾಯ್ಡ್ ಅನ್ನೋದು ಈ ಗಡ್ಡೆಯ ಕಣದ ಒಂದು ಜಾತಿ, ಇದ್ದಿದ್ರಲ್ಲಿ ಒಳ್ಳೇದು, ಸಾರ್ಕೋಮಟಾಯ್ಡ್ ಅಂತ ಇನ್ನೊಂದಿದೆ, ಅದು ಬಲು ಜೋರು.

ಕೀಮೋ ಅಂದ್ರೆ ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್, 21 ದಿನಕ್ಕೊಂದ್ಸಲ. 2003ರಲ್ಲಿ ಬಂದ ದೊಡ್ಡ ಟ್ರಯಲಲ್ಲಿ ಸಿಸ್‌ಪ್ಲಾಟಿನ್ ಒಂದೇ ಕೊಟ್ಟವರು ಸರಾಸರಿ 9 ತಿಂಗಳು, ಎರಡೂ ಕೊಟ್ಟವರು 12 ತಿಂಗಳು ಬದುಕಿದ್ರು. ಇಲ್ಲಿ ಸರಾಸರಿ ಅಂದ್ರೆ ಅರ್ಧ ಜನ ಅದಕ್ಕಿಂತ ಜಾಸ್ತಿ ಇದ್ರು ಅಂತ, ಯಾರಿಗೂ ತಾರೀಕು ಬರೆದಿಟ್ಟಿಲ್ಲ. ಕಿಡ್ನಿ, ಕಿವಿ ವೀಕ್ ಇರೋ ವಯಸ್ಸಾದವರಿಗೆ ಕಾರ್ಬೋಪ್ಲಾಟಿನ್ ಕೊಡ್ತಾರೆ, ಅದು ಚೂರು ಸಲೀಸು. 71 ಅನ್ನೋದು ಮುಖ್ಯ ಅಲ್ಲ, ತಾನೇ ಎದ್ದು ಸ್ನಾನ ಮಾಡಿ ಓಡಾಡ್ತಾರಾ ಅನ್ನೋದು ಮುಖ್ಯ.

ಕೀಮೋಗೆ ಒಂದು ವಾರ ಮುಂಚೆನೇ ಫೋಲಿಕ್ ಆಸಿಡ್ ಮಾತ್ರೆ ದಿನಾ ಒಂದು, ಬಿ12 ಇಂಜೆಕ್ಷನ್ ಒಂದು, ಆಮೇಲೆ 9 ವಾರಕ್ಕೊಂದು. ಇದು ಶಕ್ತಿಗೆ ಕೊಡೋ ಟಾನಿಕ್ ಅಂತ ಬಿಡೋರಿದಾರೆ, ಬಿಟ್ರೆ ರಕ್ತಕಣ ಬಿದ್ದು ಬಾಯಿ ಹುಣ್ಣಾಗಿ ಒದ್ದಾಡ್ತಾರೆ. ಕೀಮೋ ಹಿಂದಿನ ದಿನ, ಆ ದಿನ, ಮರುದಿನ ಡೆಕ್ಸಾ ಅನ್ನೋ ಸ್ಟೀರಾಯ್ಡ್ ಮಾತ್ರೆ. ಮಂಡಿನೋವು ಅಂತ ಮೆಡಿಕಲ್ ಶಾಪಿಂದ ಬ್ರುಫೆನ್ ತಂದು ನುಂಗೋದು ಬೇಡ, ಕಿಡ್ನಿಗೆ ಕಷ್ಟ, ಡಾಕ್ಟ್ರನ್ನ ಕೇಳಿ. ಜ್ವರ ಬಂದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ. ಊರಿಂದ ಆಸ್ಪತ್ರೆಗೆ ಎಷ್ಟೊತ್ತು ಅಂತ ಈಗ್ಲೇ ಲೆಕ್ಕ ಹಾಕಿ, ಮಳೆಗಾಲ ಬೇರೆ.

ನೀರು ಪದೇಪದೇ ತುಂಬಿದ್ರೆ ಎರಡು ದಾರಿ. ಒಂದು, ಎರಡು ಪೊರೆ ಮಧ್ಯ ಟಾಲ್ಕ್ ಹಾಕಿ ಅಂಟಿಸೋದು. ಇನ್ನೊಂದು, ಸಣ್ಣ ಪೈಪ್ ಇಟ್ಟು ಕಳಿಸೋದು, ಮನೇಲೇ ನೀರು ತೆಗೀಬಹುದು.

ಮುಳುಗಡೆ ಮನೆ | 1:52

ಟಾಲ್ಕ್ ಅಂದ್ರೆ ಮುಖಕ್ಕೆ ಹಚ್ಚೋ ಪೌಡರಾ??

ವಾರ್ಡ್ ಅಕ್ಕ | 1:55

ಅದೇ ಕಲ್ಲಿನ ಪುಡಿನೇ, ಆದ್ರೆ ಶುದ್ಧ ಮಾಡಿ ಆಸ್ಪತ್ರೆಗೆ ಅಂತಲೇ ಮಾಡಿದ್ದು. ಮಲ್ಲಿಗೆ ವಾಸನೆ ಇರಲ್ಲ 😄

ಕೋಣಂದೂರು ಅಳಿಯ | 3:10

ನಮ್ಮ ಮಾವಂಗೆ ಪೈಪೇ ಇಟ್ಟಿದ್ದು, ಅವರಿಗಿದ್ದಿದ್ದು ಬೇರೆ ಕ್ಯಾನ್ಸರ್. ಎರಡು ದಿನಕ್ಕೊಂದ್ಸಲ ಅತ್ತೆನೇ ಕೈ ತೊಳ್ಕೊಂಡು ಬಾಟಲಿ ಹಾಕೋರು, ಕರೆಂಟಿಲ್ಲದ ದಿನ ಟಾರ್ಚ್ ಹಿಡಿಯೋದು ನನ್ನ ಕೆಲಸ. ಹೊಲಿಗೆ ಜಾಗ ಒದ್ದೆ ಆಗಬಾರದು ಅಷ್ಟೇ, ಮಲೆನಾಡಲ್ಲಿ ಜುಲೈಲಿ ಒದ್ದೆ ಆಗದೆ ಇರೋ ಜಾಗ ಯಾವುದಿದೆ. ಆದ್ರೂ ಪ್ರತಿ ಸಲ ಶಿವಮೊಗ್ಗಕ್ಕೆ ಓಡೋದು ತಪ್ತು, ಅವರು ಜಗಲಿಲಿ ಕೂತು ಪೇಪರ್ ಓದೋ ಹಂಗಾಯ್ತು.

ಆದ್ರೆ ಆಪರೇಷನ್ ಎಂತಕ್ಕೆ ಬೇಡ? ದುಡ್ಡಿದ್ರೆ ಮಾಡಿಸಬಹುದಲ್ಲ.

ತುಂಗಾ ತೀರ | 4:02

ದುಡ್ಡಿನ ಪ್ರಶ್ನೆ ಅಲ್ಲ. ಮೊದಲು ಒಂದು ಕಡೆ ಶ್ವಾಸಕೋಶನೇ ಪೊರೆ ಸಮೇತ ತೆಗೀತಿದ್ರು, ಆಮೇಲೆ ಶ್ವಾಸಕೋಶ ಉಳಿಸಿ ಪೊರೆ ಮಾತ್ರ ಸುಲಿಯೋದು ಬಂತು. ಇದರಿಂದ ಉಪಯೋಗ ಇದ್ಯಾ ಅಂತ ಬ್ರಿಟನ್ನಲ್ಲಿ 335 ಜನರ ಮೇಲೆ ಮಾರ್ಸ್-2 ಅಂತ ಟ್ರಯಲ್ ಮಾಡಿದ್ರು, 2024ರಲ್ಲಿ ಫಲಿತಾಂಶ ಬಂತು. ಆಪರೇಷನ್ ಜೊತೆ ಕೀಮೋ ಆದವರು ಸರಾಸರಿ 19 ತಿಂಗಳು, ಬರೀ ಕೀಮೋದವರು ಸುಮಾರು 25 ತಿಂಗಳು. ತೊಂದರೆನೂ ಆಪರೇಷನ್ ಆದವರಿಗೇ ಜಾಸ್ತಿ. ಕೆಲವು ಸರ್ಜನ್‌ಗಳು ಇನ್ನೂ ಒಪ್ಪಲ್ಲ, ಜಗಳ ನಡೀತಿದೆ. 'ಮಾಡ್ತೀವಿ' ಅಂತ ಸುಲಭವಾಗಿ ಹೇಳೋ ಕಡೆ ಇದನ್ನ ಕೇಳಿ ನೋಡಿ. ಹೊಟ್ಟೆ ಪೊರೇಲಿ ಬಂದಿದ್ರೆ ಲೆಕ್ಕ ಬೇರೆ, ಅಲ್ಲಿ ಗಡ್ಡೆ ತೆಗೆದು ಬಿಸಿ ಕೀಮೋ ಹೊಟ್ಟೆಯೊಳಗೇ ಹಾಯಿಸೋದ್ರಿಂದ ಆಯ್ದ ಕೆಲವರು ವರ್ಷಗಟ್ಲೆ ಇದ್ದಾರೆ.

ಟೆಕ್ಕಿ ತೀರ್ಥಹಳ್ಳಿ | 5:15

ಇಮ್ಯುನೋಥೆರಪಿ, ಅಂದ್ರೆ ಮೈಯ ರೋಗನಿರೋಧಕ ಶಕ್ತಿನೇ ಕ್ಯಾನ್ಸರ್ ಮೇಲೆ ಎಬ್ಬಿಸೋ ಔಷಧಿ, ಯಾರೂ ಹೇಳೇ ಇಲ್ವಲ್ಲ, ಕಾಲ ಬದಲಾಗಿದೆ ಸ್ವಾಮಿ! ನಿವೊಲುಮ್ಯಾಬ್ ಜೊತೆ ಇಪಿಲಿಮುಮ್ಯಾಬ್ ಅಮೆರಿಕದಲ್ಲಿ 2020ರ ಅಕ್ಟೋಬರಲ್ಲೇ ಒಪ್ಪಿಗೆ ಆಗಿದೆ. ಅದು ತಗೊಂಡವರು ಸರಾಸರಿ 18 ತಿಂಗಳು ಬದುಕಿದ್ರು, ಕೀಮೋದವರು 14. ಕಮ್ಮಿ ಡೋಸ್ ನಿವೊಲುಮ್ಯಾಬ್ ಮುಂಬೈ ಟಾಟಾ ಕ್ಯಾನ್ಸರ್ ಆಸ್ಪತ್ರೆಯವರು ಮಾಡಿ ತೋರಿಸಿದಾರೆ, ಖರ್ಚೂ ಕಮ್ಮಿ.

ವಾರ್ಡ್ ಅಕ್ಕ | 6:30

ಟಾಟಾದವರ ಕಮ್ಮಿ ಡೋಸ್ ಟ್ರಯಲ್ ಬಾಯಿ-ಗಂಟಲು ಕ್ಯಾನ್ಸರಿಗೆ ತಮ್ಮಾ, ಇದಕ್ಕಲ್ಲ. ಮತ್ತೆ ನೀವು ಹೇಳಿದ ಜೋಡಿ ಔಷಧಿದು ದೊಡ್ಡ ಲಾಭ ಕಂಡಿದ್ದು ಎಪಿಥೀಲಿಯಾಯ್ಡ್ ಅಲ್ಲದವರಲ್ಲಿ, ಅವರಿಗೆ 18 ತಿಂಗಳು, ಕೀಮೋಲಿ 9ರ ಹತ್ರ. ಎಪಿಥೀಲಿಯಾಯ್ಡಿಗೆ ವ್ಯತ್ಯಾಸ ಸಣ್ಣದು, 18.7 ಮತ್ತು 16.5. ಇವರ ಅಪ್ಪಂದು ಎಪಿಥೀಲಿಯಾಯ್ಡ್. ಕೀಮೋ ಜೊತೆ ಪೆಂಬ್ರೊಲಿಜುಮ್ಯಾಬ್ ಅನ್ನೋ ಇನ್ನೊಂದು ಇಮ್ಯುನೋಥೆರಪಿ ಸೇರಿಸೋದು ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಆಗಿದೆ. ಯಾವುದು ತಗೊಂಡ್ರೂ ಲಕ್ಷಗಟ್ಲೆ. ತೋಟ ಅಡ ಇಟ್ಟು ಆಮೇಲೆ ಕೊರಗೋ ಮನೆ ತುಂಬ ನೋಡಿದೀನಿ, ಅದಕ್ಕೇ ಹೇಳಿದ್ದು. ಇದ್ದವರು ತಗೊಳ್ಳಿ, ತಪ್ಪಲ್ಲ. ಇಲ್ಲದವರು ಅಪ್ಪಂಗೆ ಮೋಸ ಮಾಡಿದೆ ಅಂದ್ಕೋಬೇಡಿ.

ಆಗುಂಬೆ ಅಚ್ಯುತ | 6:48

ನಮ್ಮ ಕಡೆ ತೊಗಟೆ ಕಷಾಯ ಕೊಡೋರಿದಾರೆ, ದೂರದೂರದಿಂದ ಜನ ಬರ್ತಾರೆ. ಒಂದ್ಸಲ ನೋಡಿ. ಕೀಮೋ ಅಂದ್ರೆ ವಿಷ.

ಲ್ಯಾಬ್ ಮಾಣಿ | 6:55

ಬಂದೇ ಬಂತು ತೊಗಟೆ. ಎರಡು ಪುಟ ಆದ್ರೂ ಬರಲಿಲ್ವಲ್ಲ ಅಂತ ಕಾಯ್ತಿದ್ದೆ.

ಆಗುಂಬೆ ಅಚ್ಯುತ | 6:59

ನಮ್ಮ ದೊಡ್ಡಮ್ಮ ಅದು ಕುಡಿದು ಎಂಟು ವರ್ಷ ಇದ್ರು. ನೀವು ಲ್ಯಾಬಲ್ಲಿ ಕೂತು ನಗಿ.

ಲ್ಯಾಬ್ ಮಾಣಿ | 7:06

ದೊಡ್ಡಮ್ಮಂಗೆ ಬಯಾಪ್ಸಿ ಆಗಿತ್ತಾ ಅಣ್ಣಾ?

ವಾರ್ಡ್ ಅಕ್ಕ | 7:20

ಇಬ್ರೂ ಬಿಡಿ. ಕುಡಿಯೋದೇ ಆದ್ರೆ ಕದ್ದು ಕುಡಿಸಬೇಡಿ, ಕೀಮೋ ಡಾಕ್ಟ್ರಿಗೆ ಹೇಳಿ. ಕಿಡ್ನಿ, ಲಿವರ್ ಮೇಲೆ ಎರಡೆರಡು ಭಾರ ಬಿದ್ರೆ ಯಾವುದರಿಂದ ಆಯ್ತು ಅಂತ ಗೊತ್ತಾಗದೆ ಕೀಮೋನೇ ನಿಲ್ಲತ್ತೆ.

ಸೊರಬ ವಕೀಲ್ರು | 8:15

ಎರಡು ಉಪಯೋಗದ ಮಾತು. ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್ ಆದ್ರೆ ಪ್ಯಾಕೇಜ್ ರೇಟಿನ ಶೇ. 30, ಒಂದೂವರೆ ಲಕ್ಷದೊಳಗೆ. ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ರೆಫರಲ್ ಬರೆಸ್ಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ಅಲ್ಲಿ ಕೌಂಟರಲ್ಲಿ ನಿಂತು ವಾಪಸ್ ಬರೋದು ಬೇಡ.

ಎರಡನೇದು, ಕಾರ್ಮಿಕ ಪರಿಹಾರದ ಕಾನೂನಲ್ಲಿ, ಕೆಲಸದಿಂದ ಬರೋ ಕಾಯಿಲೆಗಳ ಪಟ್ಟಿಲಿ, ಆಸ್ಬೆಸ್ಟಾಸಿಂದ ಬರೋ ಮೀಸೋಥೀಲಿಯೋಮಾ ಹೆಸರು ಹಿಡಿದೇ ಇದೆ. ಸುಪ್ರೀಂ ಕೋರ್ಟು 1995ರ ಜನವರಿಲಿ ಆಸ್ಬೆಸ್ಟಾಸ್ ಕಾರ್ಖಾನೆಗಳಿಗೆ ಹೇಳ್ತು, ಕೆಲಸಗಾರರ ಆರೋಗ್ಯದ ದಾಖಲೆ ಸೇರಿದ ದಿನದಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಇಡಬೇಕು ಅಂತ. ಹಳೇ ಪಿಎಫ್ ಚೀಟಿ, ಗುರುತಿನ ಕಾರ್ಡು, ಸಂಬಳದ ಕವರು ಎಂತ ಸಿಕ್ಕಿದ್ರೂ ಎತ್ತಿಡಿ. 40 ವರ್ಷದ ಹಿಂದಿಂದು, ಕಷ್ಟ ಇದೆ, ಸುಳ್ಳು ಆಸೆ ಹುಟ್ಟಿಸಲ್ಲ.

ಹೊಸನಗರ ಹುಡುಗ | 9:30

ಅಮ್ಮನ ಟ್ರಂಕಲ್ಲಿ ಹುಡುಕ್ತೀನಿ ಸರ್. ಅಮ್ಮನ ವಿಷಯನೇ ಇನ್ನೊಂದು ಕೇಳ್ಬೇಕು. 80ರಲ್ಲಿ ಮದುವೆ ಆಗಿ ಅಮ್ಮನೂ ಐದು ವರ್ಷ ಅಲ್ಲಿದ್ರು, ಚಾಳಲ್ಲಿ. ಅಪ್ಪಯ್ಯನ ಕೆಲಸದ ಬಟ್ಟೆ ಒಗೀತಿದ್ದಿದ್ದು ಅವರೇ. ನೀರಿಗೆ ಹಾಕೋ ಮುಂಚೆ ಹೊರಗೆ ನಿಂತು ಕೊಡವ್ತಿದ್ರಂತೆ, ಮನೆಯೊಳಗೆ ಧೂಳು ಬೀಳಬಾರದು ಅಂತ.

ವಾರ್ಡ್ ಅಕ್ಕ | 9:41

ಹಂಗೂ ಬಂದಿರೋದು ಇದೆ ತಮ್ಮಾ, ಸುಳ್ಳು ಹೇಳಲ್ಲ. ಆದ್ರೆ ಅಪ್ಪಂಗಿರೋವಷ್ಟು ಅಪಾಯ ಅಲ್ಲ, ಹೆಚ್ಚಿನವರಿಗೆ ಎಂತದೂ ಆಗಲ್ಲ. ಅಮ್ಮಂಗೂ ಒಂದು ಚೀಟಿ ಬರೆದಿಡಿ, ಬಟ್ಟೆ ಕೊಡವಿದ್ದನ್ನೂ ಸೇರಿಸಿ. ಅದಕ್ಕಿಂತ ಹೆಚ್ಚು ಈಗ ಅವರ ತಲೆಗೆ ತುಂಬಬೇಡಿ.

ಕೋಣಂದೂರು ಅಳಿಯ | 10:03

ಅಪ್ಪಂಗೆ ಹೇಳಿದೀರಾ? ನಮ್ಮ ಮಾವಂಗೆ ನಾವು 'ಇನ್ಫೆಕ್ಷನ್' ಅಂತಲೇ ಸಾಗಿಸಿದ್ವಿ. ಅವರಿಗೆ ಗೊತ್ತಿತ್ತು ಅಂತ ಆಮೇಲೆ ಗೊತ್ತಾಯ್ತು. ಪಹಣಿ, ಸೊಸೈಟಿ ಸಾಲ, ಯಾರಿಗೆ ಎಷ್ಟು ಕೊಡೋದಿದೆ ಎಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟು ಅಕ್ಕಿ ಡಬ್ಬಿ ಹಿಂದೆ ಇಟ್ಟಿದ್ರು. ಅವರು ನಮಗೆ ಗೊತ್ತಾಗಬಾರದು ಅಂತ, ನಾವು ಅವರಿಗೆ ಗೊತ್ತಾಗಬಾರದು ಅಂತ.

ಸಾಗರ ಸುಬ್ಬಿ | 10:10

ಅಯ್ಯೋ 😢

ಗಾಜನೂರು ಗೌಡ | 10:18

ಹೇಳಬಾರದು ಅಂತ ನನ್ನ ಮತ. ಧೈರ್ಯ ಕುಸಿದ್ರೆ ಅರ್ಧ ಆಯಸ್ಸು ಹೋಯ್ತು.

ವಾರ್ಡ್ ಅಕ್ಕ | 10:25

ಗೌಡ್ರೆ, ಕೀಮೋ ವಾರ್ಡಲ್ಲಿ ಅಕ್ಕಪಕ್ಕದ ಮಂಚದವರೇ ಹೇಳ್ಬಿಡ್ತಾರೆ. ಅದಕ್ಕಿಂತ ಮಗ ಹೇಳೋದು ವಾಸಿ. ಜೊತೆಗೇ ನೋವು, ದಮ್ಮಿಗೆ ಪ್ಯಾಲಿಯೇಟಿವ್ ಡಾಕ್ಟ್ರನ್ನ ಮೊದಲ ದಿನದಿಂದಲೇ ನೋಡಿ, ಕೊನೇಗೆ ಅಂತಲ್ಲ. ಸಣ್ಣ ಡೋಸ್ ಮಾರ್ಫಿನ್ ಮಾತ್ರೆ ದಮ್ಮಿಗೂ ಕೆಲಸ ಮಾಡತ್ತೆ, ಎಲ್ಲಾ ಮೆಡಿಕಲ್ ಶಾಪಲ್ಲಿ ಸಿಗಲ್ಲ, ಅನುಮತಿ ಇರೋ ಆಸ್ಪತ್ರೆಲಿ ಕೇಳಿ.

ಹೊಸನಗರ ಹುಡುಗ | ಮೂರು ವಾರದ ನಂತರ, ಭಾನುವಾರ 7:45

ಕೇಳಿದವರಿಗೆಲ್ಲ ಒಟ್ಟಿಗೆ ಬರೀತಿದೀನಿ. ಮೊದಲ ಕೀಮೋ ಆಯ್ತು, ಕಾರ್ಬೋಪ್ಲಾಟಿನ್ನೇ ಕೊಟ್ರು. ನಾಲ್ಕು ದಿನ ಊಟ ಸೇರಲಿಲ್ಲ, ಐದನೇ ದಿನ ಅಪ್ಪೆಹುಳಿ ಕೇಳಿದ್ರು. ಟಾಲ್ಕ್ ಹಾಕಿದಾರೆ, ಸದ್ಯಕ್ಕೆ ನೀರು ನಿಂತಿದೆ.

ಅಪ್ಪಯ್ಯಂಗೆ ಹೇಳಿದೆ, ಜನಶತಾಬ್ದಿಲಿ ವಾಪಸ್ ಬರೋವಾಗ. ಕಡೂರು ದಾಟೋ ತನಕ ಮಾತಾಡಲಿಲ್ಲ. ಆಮೇಲೆ ಆಗ ಜೊತೆಗೆ ಕೆಲಸ ಮಾಡಿದ ಮೂವರ ಹೆಸರು ಹೇಳಿ, ಅವರಿಗೂ ಫೋನ್ ಮಾಡಿ ಎದೆ ತೋರಿಸ್ಕೊಳೋಕೆ ಹೇಳು ಅಂದ್ರು. ಇಬ್ರು ಸಿಕ್ಕಿದಾರೆ. ಒಬ್ರು ರತ್ನಗಿರಿ ಹತ್ರ, ಎದೇಲಿ ನೀರು ಅಂತ ಟಿಬಿ ಮಾತ್ರೆ ನಡೀತಿದೆಯಂತೆ, ಮೂರನೇ ತಿಂಗಳು.

ಲ್ಯಾಬ್ ಮಾಣಿ | 7:52

ಅವರ ಮಗನ ನಂಬರ್ ತಗೊಂಡು ಬಯಾಪ್ಸಿ ವಿಷಯ ಇವತ್ತೇ ಹೇಳಿ. ಇವತ್ತೇ. ಮಾತ್ರೆ ತಾವಾಗಿ ನಿಲ್ಲಿಸೋದು ಬೇಡ, ಡಾಕ್ಟ್ರನ್ನ ಕೇಳ್ಲಿ.

ಹೊಸನಗರ ಹುಡುಗ | 8:20

ಹೇಳಿದೆ. ಮಂಗಳವಾರ ಮುಂಬೈಗೆ ಕರ್ಕೊಂಡು ಹೋಗ್ತಾರಂತೆ. ಅಪ್ಪಯ್ಯನೇ ಮಾತಾಡಿದ್ರು, ಅರ್ಧ ಮರಾಠಿ ಅರ್ಧ ಕನ್ನಡ.

ರಿಟೈರ್ಡ್ ಫಿಟ್ಟರ್ | 8:31

ನಾನೂ ಚೀಟಿ ಬರೆಸಿದೆ. ಸಿಗರೇಟ್ ಬಿಟ್ಟು 19 ದಿನ.